ಎರಡನೆಯ ಕಾರ್ಡು

ನಮ್ಮ ಸಪ್ತಾಪುರದ ಓಣಿಯಲ್ಲಿ ಯಾರಾದರೂ ನಾಲ್ಕು ದಿನ ಪರವೂರಿಗೆ ಹೊರಟರೆ ಮನೆಯ ಕೀಲಿಕೈಯನ್ನು ಮಹಾಂತಯ್ಯನವರಿಗೆ ಕೊಟ್ಟು ಹೋಗುತ್ತಿದ್ದರು. ಮದುವೆಯ ಮನೆಗಳಲ್ಲಿ ಹೆಣ್ಣಿನ ತಾಯಿ ಒಡವೆಯ ಡಬ್ಬಿಯನ್ನು ಸ್ವಂತ ತಂಗಿಯ ಕೈಗೆ ಕೊಡಲು ಹಿಂದೆಮುಂದೆ ನೋಡಿದರೂ ಇವರ ಕೈಗೆ ಕೊಟ್ಟು ನಿಶ್ಚಿಂತಳಾಗಿ ಆರತಿಗೆ ಹೋಗುತ್ತಿದ್ದಳು. ಗುಡಿಯ ಬಾಗಿಲಲ್ಲಿ ಕೈಚೀಲ, ಕೊಡೆ, ಔಷಧದ ಪೊಟ್ಟಣ, ಒಮ್ಮೆ ಒಬ್ಬರ ಹಲ್ಲಿನ ಸೆಟ್ಟು ಕೂಡ ಅವರ ವಶಕ್ಕೆ ಬಂದುದನ್ನು ನಾನು ಕಂಡಿದ್ದೇನೆ. ಅವರು ಎಂದೂ ಕೇಳಿ ಪಡೆದವರಲ್ಲ. ಜನ ಕೊಡುತ್ತಿದ್ದರು, ಅವರು ಹಿಡಿಯುತ್ತಿದ್ದರು. ಅವರ ಆಸ್ತಿಯೇ ಅದು ಎಂದರೂ ಸಲ್ಲುತ್ತದೆ.

ನಾನು ಕನ್ನಡ ಕಲಿಸುತ್ತಿದ್ದ ಧಾರವಾಡದ ಪ್ರೌಢಶಾಲೆಯಲ್ಲಿ ಮಹಾಂತಯ್ಯ ಹಿರೇಮಠರು ಗುಮಾಸ್ತರಾಗಿದ್ದರು. ಮೂವತ್ತೊಂದು ವರ್ಷ ಒಂದೇ ಛಾವಣಿಯ ಕೆಳಗೆ ದುಡಿದೆವು. ವರ್ಷಕ್ಕೊಮ್ಮೆ ಮಕ್ಕಳನ್ನು ಬದಾಮಿಗೋ ಹಂಪಿಗೋ ಕರೆದೊಯ್ಯುವಾಗ ಅವರ ಕೈಖರ್ಚಿನ ಹಣವನ್ನು ಕಾಯುವ ಕೆಲಸ ಇವರದು. ಅವರ ಹೆಂಡತಿ ಮುರಿಗೆವ್ವನ ತವರು ಗರಗ. ಅಲ್ಲಿಂದ ಬಂದ ಖಾದಿಯ ತುಂಡುಗಳಿಂದ ಆಕೆ ಅಂಗೈಯಗಲದ ಚೀಲಗಳನ್ನು ಹೊಲಿದು ಕೊಡುತ್ತಿದ್ದಳು. ಇವರು ಒಂದೊಂದರ ಮೇಲೂ ಮಸಿಯಿಂದ ಮಗುವಿನ ಹೆಸರು ಬರೆಯುತ್ತಿದ್ದರು. ಅರ್ಧ ಚೀಲಗಳನ್ನು ತಾವು ಇಟ್ಟುಕೊಂಡು ಉಳಿದರ್ಧವನ್ನು ಜೊತೆಗೆ ಬಂದ ಶಿಕ್ಷಕಿ ಬಾಯಿಯವರಿಗೆ ಕೊಡುತ್ತಿದ್ದರು.

"ಎಲ್ಲಾ ನೀವ ಇಟ್ಕೊಂಡ್ರ ಆಗೂದಿಲ್ಲೇನ್ರಿ?" ಎಂದು ನಾನು ಒಮ್ಮೆ ಕೇಳಿದ್ದೆ.

"ಒಂದ ಕಡೆ ಇಟ್ರ ಒಂದ ಸಲಕ್ಕ ಹೋಗತೈತ್ರಿ ಸರ," ಎಂದಿದ್ದರು.

ಮೂವತ್ತೊಂದು ವರ್ಷಗಳಲ್ಲಿ ಒಂದು ಮಗುವಿನ ಒಂದು ರೂಪಾಯಿಯೂ ಹೋಗಲಿಲ್ಲ.

ನಿವೃತ್ತರಾದ ಮೇಲೆ ನಾವು ಹತ್ತು ಹನ್ನೆರಡು ಮಂದಿ ಸಂಜೆ ಕಲ್ಯಾಣನಗರದ ಉದ್ಯಾನದಲ್ಲಿ ಸೇರುವ ರೂಢಿಯಾಯಿತು. 'ಹಿರಿಯರ ಬಳಗ' ಎಂದು ಹೆಸರಿಟ್ಟುಕೊಂಡೆವು. ಬಳಗದ ಹಣ ಯಾರ ಬಳಿ ಇರಬೇಕೆಂದು ಯಾರೂ ಕೇಳಲಿಲ್ಲ. ಅದು ತಾನಾಗಿಯೇ ಮಹಾಂತಯ್ಯನವರ ಬಳಿಗೆ ಹೋಯಿತು. ಬಳಗದ ಮಾತುಗಾರರೆಂದರೆ ಬಿಂದುಮಾಧವರಾಯರು. ವಿಶ್ವವಿದ್ಯಾಲಯದ ಕಚೇರಿಯಲ್ಲಿ ಅಧಿಕಾರಿಯಾಗಿದ್ದವರು, ಕಡತಗಳ ನಡುವೆ ನಾಲಿಗೆಯನ್ನು ಮಸೆದುಕೊಂಡವರು. ಅವರ ಹೆಂಡತಿ ಗೋದಾಬಾಯಿಯವರಿಗೆ ವಿಮಾನ ಹತ್ತಬೇಕು, ಪರದೇಶದ ಸಮುದ್ರದಲ್ಲಿ ಕಾಲಿಡಬೇಕು ಎಂಬ ಆಸೆ. ಆ ಆಸೆಯೇ ಬೆಳೆದು ಎರಡು ವರ್ಷದ ಹಿಂದಿನ ಜನವರಿಯಲ್ಲಿ ನಮ್ಮ ಮೂರು ಮನೆಯವರನ್ನು ಥಾಯ್ಲೆಂಡಿಗೆ ಹೊರಡಿಸಿತು. ರಾಯರ ದಂಪತಿ, ಮಹಾಂತಯ್ಯನವರ ದಂಪತಿ, ನಾನು ಮತ್ತು ನನ್ನ ಹೆಂಡತಿ ರಾಜೇಶ್ವರಿ. ಹುಬ್ಬಳ್ಳಿಯ ಕೇಶ್ವಾಪುರದ ಒಂದು ಪ್ರವಾಸದ ಕಚೇರಿಯವರು ವಿಮಾನ, ವಸತಿ, ಬೆಳಗಿನ ತಿಂಡಿ ಇಷ್ಟನ್ನು ನೋಡಿಕೊಂಡರು. ಉಳಿದ ಖರ್ಚು ನಮ್ಮದು.

ಪರದೇಶದಲ್ಲಿ ಬಳಸುವ ಕಾರ್ಡನ್ನು ಮಹಾಂತಯ್ಯನವರ ಹೆಸರಿನಲ್ಲಿ ಮಾಡಿಸಲು ಎಲ್ಲರೂ ಕೂಡಿಯೇ ಬ್ಯಾಂಕಿಗೆ ಹೋದೆವು. ಅಲ್ಲಿದ್ದ ಭಾಗ್ಯಶ್ರೀ ನನ್ನ ಹಳೆಯ ವಿದ್ಯಾರ್ಥಿನಿ. ಬದಾಮಿಯಲ್ಲಿ ಮಹಾಂತಯ್ಯನವರಿಂದ ಖಾದಿ ಚೀಲ ಇಸಿದುಕೊಂಡು ಪೇರಲಹಣ್ಣು ಕೊಂಡವಳು.

"ಕಾಕಾ, ಆರು ಮಂದಿ ರೊಕ್ಕಾ ಒಬ್ಬರ ಕಾರ್ಡಿಗೆ ಯಾಕ ಹಾಕಸ್ತೀರಿ? ಮೂರು ಮನಿ, ಮೂರು ಕಾರ್ಡ್ ಮಾಡಸ್ರಿ," ಎಂದಳು.

"ಏ ತಂಗಿ, ನಮಗ ಆ ನಂಬರ್ ನೆನಪಿಡೂದೆಲ್ಲಾ ಆಗೂದಿಲ್ಲ," ಎಂದರು ರಾಯರು. "ನನಗ ನನ್ನ ಹೆಂಡತಿ ಹುಟ್ಟಿದ ದಿನಾನ ನೆನಪಿರೂದಿಲ್ಲ."

"ಖರೇ ಅದ," ಎಂದರು ಗೋದಾಬಾಯಿ. "ಲಗ್ನದ ದಿನಾನೂ ಮರ್ತಾರ. ಲಗ್ನಾ ಆದದ್ದು ಒಂದು ನೆನಪದ, ಅದನ್ನೂ ಮರೀಬೇಕಂತ ಪ್ರಯತ್ನಾ ನಡಿಸ್ಯಾರ."

ಭಾಗ್ಯಶ್ರೀ ನಕ್ಕು ಮಹಾಂತಯ್ಯನವರ ಮುಂದೆ ಎರಡು ಕಾರ್ಡುಗಳನ್ನಿಟ್ಟಳು. "ಇದು ಮೊದಲನೇದ್ದು, ಇದು ಅದರ ಜೋಡಿ. ಮೊದಲನೇದ್ದು ಕಳದ್ರ ಅದನ್ನ ಬಂದ್ ಮಾಡಿಸಿ ಎರಡನೇದ್ದು ಚಾಲೂ ಮಾಡಸಬಹುದು. ಆದ್ರ ಎರಡೂ ಒಂದ ಚೀಲದಾಗ ಇಡಬ್ಯಾಡ್ರಿ ಕಾಕಾ. ಎರಡನೇದ್ದು ಬ್ಯಾರೆಯವರ ಹತ್ರ ಇರಲಿ. ನೋಟೂ ಹಂಗ, ಅರ್ಧ ರೂಮಿನ ತಿಜೋರಿಯಾಗ, ಅರ್ಧ ಮೈಮ್ಯಾಲೆ. ಪಾಸ್‌ಪೋರ್ಟ್ ಹೊರಗ ಒಯ್ಯಬ್ಯಾಡ್ರಿ, ಝೆರಾಕ್ಸ್ ಒಯ್ರಿ. ಪಿನ್ ಎಲ್ಲೂ ಬರೀಬ್ಯಾಡ್ರಿ. ಅಂಗಡ್ಯಾಗ ಕಾರ್ಡಿನ ಮಶಿನ್ ರೂಪಾಯಿನೋ ಅಲ್ಲಿ ರೊಕ್ಕಾನೋ ಅಂತ ಕೇಳತೈತಿ. ಅಲ್ಲಿ ರೊಕ್ಕಾನ ಒತ್ರಿ. ನಮ್ಮ ರೂಪಾಯಿ ಅಂತ ಅಕ್ಕರತೆಯಿಂದ ಒತ್ತಿದ್ರ ಮ್ಯಾಲ ಹೆಚ್ಚಿಗಿ ಮುರಕೋತಾರ."

ಮಹಾಂತಯ್ಯನವರು ಪಿನ್ ಒಂದನ್ನು ಬಿಟ್ಟು ಎಲ್ಲವನ್ನೂ ತಮ್ಮ ಸಣ್ಣ ನೋಟುಬುಕ್ಕಿನಲ್ಲಿ ಬರೆದುಕೊಂಡರು. ಕಾರ್ಡು ಕಳೆದರೆ ಕರೆ ಮಾಡಬೇಕಾದ ಸಂಖ್ಯೆಯನ್ನು ಎರಡು ಸಲ ಓದಿ ಹೇಳಿ ಸರಿಯೆನಿಸಿಕೊಂಡರು. ಆರು ಮಂದಿಯಲ್ಲಿ ಒಬ್ಬರ ಫೋನಾದರೂ ಅಲ್ಲಿ ನಡೆಯಬೇಕೆಂದು ಆಕೆ ಹೇಳಿದ್ದರಿಂದ ರಾಯರ ಫೋನಿಗೆ ಹೊರದೇಶದ ಪ್ಯಾಕು ಹಾಕಿಸಿದೆವು.

ಬ್ಯಾಂಕಾಕಿನ ವಸತಿಯಲ್ಲಿ ಮೊದಲ ದಿನವೇ ಮಹಾಂತಯ್ಯನವರ ಕೋಣೆಯ ತಿಜೋರಿ ಸಿಕ್ಕಿಕೊಂಡಿತು. ಕೆಳಗಿನಿಂದ ಒಬ್ಬಾತ ಬಂದು ತನ್ನ ಕೀಲಿಯಿಂದ ಅರೆಗಳಿಗೆಯಲ್ಲಿ ತೆರೆದುಕೊಟ್ಟ. ಆತ ಹೋದ ಮೇಲೆ ಇವರು ಆ ಪೆಟ್ಟಿಗೆಯನ್ನು ಬಹಳ ಹೊತ್ತು ನೋಡಿದರಂತೆ. "ನನ್ನ ನಂಬರ್ ಇಲ್ಲದ ತಗದಾ. ಇದಕ್ಕ ತಿಜೋರಿ ಅಂತ ಯಾಕ ಅನ್ನಬೇಕು?" ಎಂದು ಮುರಿಗೆವ್ವನನ್ನು ಕೇಳಿದರಂತೆ.

ಸಂಜೆ ಚಹಾದ ಹೊತ್ತಿಗೆ ಅವರು ನಮ್ಮ ಕೋಣೆಗೆ ಬಂದರು. ಕೈಯಲ್ಲಿ ಒಂದು ಕಂದು ಲಕೋಟೆ.

"ಸರ, ಇದನ್ನ ನೀವು ಇಟ್ಕೋರಿ. ಎರಡನೇ ಕಾರ್ಡು, ಅರ್ಧ ನೋಟು. ಭಾಗ್ಯಶ್ರೀ ಹೇಳ್ಯಾಳಲ್ರಿ."

ಈಗ ನನ್ನ ಉತ್ತರವನ್ನು ಇದ್ದಂತೆಯೇ ಬರೆಯಬೇಕು.

"ಛೇ ಛೇ, ಮಹಾಂತಯ್ಯನವರ! ನಿಮ್ಮ ಕಡೆ ಇದ್ರ ಮುಗೀತು. ಅರ್ಧ ನಾ ಇಟ್ಕೊಂಡ್ರ ರಾಯರು ಏನಂದಾರು? ಮಾಸ್ತರಿಗೆ ಹಿರೇಮಠರ ಮ್ಯಾಲಿನ ನಂಬಿಕಿ ಹೋತು ಅಂದಾರು."

"ಅನ್ನಲಿ ಬಿಡ್ರಿ ಸರ. ಒಂದ ಕಡೆ ಇರಬಾರದು."

"ನಿಮ್ಮ ಕೈಯಾಗಿಂದ ಇಲ್ಲೀತನಕ ಏನರೆ ಹೋಗೇತೇನ್ರಿ?"

ಹೊಗಳಿಕೆಗೆ ಸಂಕೋಚಪಡುವ ಮನುಷ್ಯ. ಮುಗುಳುನಕ್ಕು ಲಕೋಟೆಯನ್ನು ಮಡಚಿಕೊಂಡು ಹೋದರು. ನಮ್ಮ ಕಡೆ ನಂಬಿಕೆಯ ಮನುಷ್ಯನಿಗೆ ಒಪ್ಪಿಸಿದ್ದನ್ನು ಪಾಲು ಮಾಡುವುದೆಂದರೆ ಆತನನ್ನು ತೂಕಕ್ಕೆ ಹಾಕಿದಂತೆ. ಆ ಮರ್ಯಾದೆಗೆ ಕಟ್ಟುಬಿದ್ದು ಹಾಗೆ ಹೇಳಿದೆನೆಂದು ಬಹಳ ದಿನ ನಂಬಿದ್ದೆ. ಪರದೇಶದಲ್ಲಿ ಅಷ್ಟು ಹಣವನ್ನು ಜೇಬಿನಲ್ಲಿಟ್ಟುಕೊಂಡು ತಿರುಗುವ ತಾಪತ್ರಯ ನನಗೆ ಬೇಡವಾಗಿತ್ತು ಎಂಬುದೂ ಅಷ್ಟೇ ನಿಜ.

ಮೂರನೆಯ ದಿನ ಬಿಡುವಿತ್ತು. ಅಯುತ್ಥಯ ಎಂಬ ಹಳೆಯ ರಾಜಧಾನಿಯನ್ನು ನೋಡಲು ನಾವೇ ರೈಲಿನಲ್ಲಿ ಹೋದೆವು. ಅಯೋಧ್ಯೆಯ ಹೆಸರನ್ನು ಹೊತ್ತ ಊರು. ಪಾಳುಬಿದ್ದ ಇಟ್ಟಿಗೆಯ ಗೋಪುರಗಳ ನಡುವೆ ಅಡ್ಡಾಡಿ, ಮರದ ನೆರಳಿನಲ್ಲಿ ಮುರಿಗೆವ್ವನ ಕಟಕ ರೊಟ್ಟಿ, ಶೇಂಗಾ ಚಟ್ನಿ ತಿಂದು, ಇಳಿಹೊತ್ತಿಗೆ ನಿಲ್ದಾಣಕ್ಕೆ ಬಂದೆವು. ಮಹಾಂತಯ್ಯನವರ ಹೆಗಲಿಗೆ ಕಪ್ಪು ಚೀಲ. ಎರಡು ಕಾರ್ಡು, ಎಲ್ಲ ನೋಟು, ಅವರ ಫೋನು, ಆ ನೋಟುಬುಕ್ಕು, ರಕ್ತದೊತ್ತಡದ ಮಾತ್ರೆ ಎಲ್ಲವೂ ಅದರಲ್ಲೇ. ಪಾಸ್‌ಪೋರ್ಟುಗಳು ಮಾತ್ರ ವಸತಿಯವರ ಕಚೇರಿಯಲ್ಲಿದ್ದವು.

ರೈಲು ಬಂತು. ಕಾದಿರಿಸುವ ಪದ್ಧತಿಯಿಲ್ಲದ ಸಾದಾ ಡಬ್ಬಿ, ಕಿಟಕಿಗಳೆಲ್ಲ ತೆರೆದಿದ್ದವು. ಪ್ಲಾಟ್‌ಫಾರ್ಮಿನ ಮೇಲೆ ಬುಟ್ಟಿ ಹೊತ್ತ ಹೆಂಗಸರು, ಶಾಲೆ ಬಿಟ್ಟ ಮಕ್ಕಳು, ಜನವೋ ಜನ. ರಾಯರ ಮೊಣಕಾಲು ಬೆಳಗಿನಿಂದಲೇ ಹಿಡಿದುಕೊಂಡಿತ್ತು. ಎರಡು ತಾಸು ನಿಂತು ಹೋಗುವುದು ಅವರಿಂದ ಸಾಧ್ಯವಿರಲಿಲ್ಲ.

ಧಾರವಾಡದ ಬಸ್ ನಿಲ್ದಾಣದಲ್ಲಿ ಜನರ ನೂಕುನುಗ್ಗಲಿನ ನಡುವೆ ಸೀಟು ಹಿಡಿಯುವುದು ಹೇಗೆಂದು ನಮ್ಮವರಿಗೆ ಕಲಿಸಬೇಕಾಗಿಲ್ಲ. ಬಸ್ಸು ನಿಲ್ಲುವಷ್ಟರಲ್ಲಿ ಟವೆಲನ್ನೋ ಚೀಲವನ್ನೋ ಕಿಟಕಿಯಿಂದ ಸೀಟಿನ ಮೇಲೆ ಹಾಕಿದರೆ ಆ ಜಾಗ ನಮ್ಮದು. ಆಮೇಲೆ ಸಾವಕಾಶವಾಗಿ ಬಾಗಿಲಿನಿಂದ ಹತ್ತಬಹುದು. ಬಸ್ಸು ಎಲ್ಲಿಗೂ ಓಡಿಹೋಗುವುದಿಲ್ಲ, ಚೀಲವನ್ನು ಯಾರೂ ಮುಟ್ಟುವುದಿಲ್ಲ. ಶಾಲೆಯ ಪ್ರವಾಸಗಳಲ್ಲಿ ಮಹಾಂತಯ್ಯನವರು ಹೀಗೆ ಎಷ್ಟು ಸೀಟು ಹಿಡಿದಿದ್ದರೋ ಲೆಕ್ಕವಿಲ್ಲ. ಅಂದು ಎದುರುಬದುರು ಖಾಲಿ ಇದ್ದ ಎರಡು ಆಸನಗಳನ್ನು ಕಂಡದ್ದೇ ಹೆಗಲಿನಿಂದ ಚೀಲವನ್ನು ತೆಗೆದು ಕಿಟಕಿಯೊಳಗೆ ಇಟ್ಟುಬಿಟ್ಟರು. ಯೋಚಿಸಿ ಮಾಡಿದ್ದಲ್ಲ, ಮೂವತ್ತು ವರ್ಷದ ಕೈ ತಾನಾಗಿಯೇ ಮಾಡಿತು.

"ಜಾಗಾ ಸಿಕ್ಕಾವು, ಲಗೂ ಬರ್ರಿ!" ಎಂದು ಕೂಗಿದರು.

ಬಾಗಿಲಲ್ಲಿ ಜನ ಇಳಿಯುತ್ತಿದ್ದರು. ಅವರು ಇಳಿದು ಮುಗಿದ ಮೇಲೆ ಗೋದಾಬಾಯಿಯವರ ಕಾಲಿಗೆ ಎತ್ತರದ ಮೆಟ್ಟಿಲು ಎಟುಕಲಿಲ್ಲ. ನಾನು ಅವರ ಕೈ ಹಿಡಿದೆ, ರಾಜೇಶ್ವರಿ ಹಿಂದಿನಿಂದ ಆಧಾರ ಕೊಟ್ಟಳು. ಅಷ್ಟರಲ್ಲಿ ಸೀಟಿ ಮೊಳಗಿತು, ಹಸಿರು ಬಾವುಟ ಆಡಿತು. ಗೋದಾಬಾಯಿ ಹೆದರಿ ಕಾಲು ಹಿಂದಕ್ಕೆ ತೆಗೆದುಕೊಂಡರು. ರೈಲು ಸರಿಯಿತು. ಕಿಟಕಿಯ ಬಳಿಯಿದ್ದ ಮಹಾಂತಯ್ಯನವರು ಒಳಗೆ ಕೈ ಚಾಚಿಕೊಂಡು ಓಡತೊಡಗಿದರು. ಸಮವಸ್ತ್ರದ ಹೆಂಗಸೊಬ್ಬಳು ಬಂದು ಅವರ ರಟ್ಟೆಯನ್ನು ಗಟ್ಟಿಯಾಗಿ ಹಿಡಿದು ನಿಲ್ಲಿಸಿದಳು. ಆಕೆ ಹಾಗೆ ಮಾಡದಿದ್ದರೆ ಇದಕ್ಕಿಂತ ದೊಡ್ಡ ಸಂಕಟವನ್ನು ಬರೆಯಬೇಕಾಗುತ್ತಿತ್ತು.

ಅವರು ತಿರುಗಿ ನಮ್ಮ ಬಳಿಗೆ ಬಂದರು. "ಹೋತು," ಎಂದರು.

"ಏನು ಹೋತು?" ಎಂದರು ರಾಯರು.

"ಎಲ್ಲಾ."

ರಾಯರಿಗೆ ಅರ್ಥವಾಗಲು ತುಸು ಹೊತ್ತು ಹಿಡಿಯಿತು. ಆಮೇಲೆ ನಾಲಿಗೆ ತಡೆಯಲಿಲ್ಲ. "ಭಲೇ ಹಿರೇಮಠರ! ಸಾಲಿ ಹುಡುಗರ ಎಂಟಾಣೆ ಕಾಯ್ದ ಗಂಡಸು, ನಮ್ಮೆಲ್ಲಾರ ಗಂಟು ರೈಲು ಹತ್ತಿಸಿ ಟಾಟಾ ಮಾಡಿದ್ರಿ!"

"ಸಾಕು ಮಾಡ್ರಿ," ಎಂದು ಗೋದಾಬಾಯಿ ಗದರಿದರು. "ನಿಮ್ಮ ಮೊಣಕಾಲಿನ ಸಲುವಾಗಿ ಹೋತು ಅದು. ಮೊದಲ ಫೋನ್ ತಗೀರಿ."

ಸಮವಸ್ತ್ರದ ಆ ಹೆಂಗಸು ಮುಂದಿನ ನಿಲ್ದಾಣಗಳಿಗೆ ಸುದ್ದಿ ಮುಟ್ಟಿಸಿದಳು. ಸಹಾಯದ ಸಂಖ್ಯೆ ಚೀಲದ ನೋಟುಬುಕ್ಕಿನೊಡನೆಯೇ ಹೋಗಿತ್ತು, ಆದ್ದರಿಂದ ರಾಯರ ಫೋನಿನಿಂದ ಭಾಗ್ಯಶ್ರೀಗೆ ಕರೆ ಮಾಡಿದೆವು. ಎಲ್ಲರಿಗೂ ಕೇಳುವಂತೆ ಫೋನನ್ನು ನಡುವೆ ಹಿಡಿದಿದ್ದೆವು.

"ಅಂಜಬ್ಯಾಡ್ರಿ ಕಾಕಾ. ಮೊದಲನೇದ್ದು ಈಗ ಬಂದ್ ಮಾಡಸೂಣು. ಎರಡನೇ ಕಾರ್ಡ್ ಯಾರ ಹತ್ರ ಐತಿ?"

ಮಹಾಂತಯ್ಯನವರು ನನ್ನನ್ನು ನೋಡಿದರು. ದೂರುವ ನೋಟವಲ್ಲ. ನಾನು ಏನಾದರೂ ಹೇಳುವೆನೆಂದು ಕಾದರು, ಅಷ್ಟೇ. ನಾನು ಹಳಿಗಳನ್ನು ನೋಡುತ್ತ ನಿಂತೆ.

"ನನ್ನ ಹತ್ರನ ಇತ್ತವಾ," ಎಂದರು.

"ಹಂಗಾರ ಎರಡೂ ಬಂದ್ ಮಾಡಸಬೇಕಾಗತೈತಿ ಕಾಕಾ. ಹೊಸಾದು ಇಲ್ಲಿಗೆ ಬಂದ ಮ್ಯಾಲ."

ಆಕೆಯೇ ಬ್ಯಾಂಕಿನ ಸಹಾಯದ ಸಂಖ್ಯೆಗೆ ಜೋಡಿಸಿಕೊಟ್ಟಳು. ಇವರು ಹುಟ್ಟಿದ ದಿನ, ತಾಯಿಯ ಹೆಸರು ಎಲ್ಲ ಹೇಳಿ ಎರಡನ್ನೂ ನಿಲ್ಲಿಸಿದರು. ಹೀಗಾಗಿ ಕಾರ್ಡಿನೊಳಗಿನ ಹಣ ಉಳಿಯಿತು, ಆದರೆ ಊರಿಗೆ ಮರಳುವ ತನಕ ಅದು ನಮ್ಮ ಕೈಗೆ ಸಿಗುವಂತಿರಲಿಲ್ಲ. ಬಳೆ ಕೊಳ್ಳಲೆಂದು ಬೆಳಿಗ್ಗೆ ಮಹಾಂತಯ್ಯನವರೇ ರಾಜೇಶ್ವರಿಗೆ ಕೊಟ್ಟಿದ್ದ ಅಲ್ಲಿನ ಹಣ ಇನ್ನೂರು ಬಾತ್ ಅವಳ ಪರ್ಸಿನಲ್ಲಿತ್ತು. ಅದರಿಂದ ಮುಂದಿನ ರೈಲಿಗೆ ಟಿಕೇಟು ಕೊಂಡೆವು.

ಉಳಿದ ಎರಡು ದಿನ ವಸತಿಯ ಅಂಗಳದ ಕುರ್ಚಿಗಳಲ್ಲಿ ಕಳೆದೆವು. ಬೆಳಿಗ್ಗೆ ಅಲ್ಲಿನ ತಿಂಡಿ, ಆಮೇಲೆ ಉಳಿದ ರೊಟ್ಟಿ. "ಥಾಯ್ಲೆಂಡಿಗೆ ಬಂದು ಶೇಂಗಾ ಚಟ್ನಿ ತಿನ್ನೂ ಯೋಗ ಎಲ್ಲಾರಿಗೂ ಬರೂದಿಲ್ಲ," ಎಂದು ರಾಯರು ಹೊತ್ತಿಗೊಮ್ಮೆ ಅನ್ನುತ್ತಿದ್ದರು. ಸಮುದ್ರಕ್ಕೆ ಹೋಗುವುದು ತಪ್ಪಿತು. ಗೋದಾಬಾಯಿ ಮಾತ್ರ ಮಹಾಂತಯ್ಯನವರ ಬಳಿಗೆ ಹೋಗಿ, "ಸಮುದ್ರಕ್ಕೇನ್ರಿ, ಗೋವಾದಾಗೂ ಅದ. ಮನಸ್ಸಿಗೆ ಹಚ್ಚಿಕೋಬ್ಯಾಡ್ರಿ," ಎಂದು ಹೇಳಿ ಬಂದರು. ಹೊರಡುವ ದಿನ ರೈಲಿನವರಿಂದ ಚೀಲ ಸಿಕ್ಕಿತು. ಕಾರ್ಡು ಎರಡೂ ಇದ್ದವು, ಫೋನಿತ್ತು, ಮಾತ್ರೆಗಳಿದ್ದವು. ನೋಟುಗಳು ಇರಲಿಲ್ಲ. ಅಷ್ಟು ಜನರ ಡಬ್ಬಿಯಲ್ಲಿ ಯಾರ ಕೈಯೋ ಏನೋ.

ಊರಿಗೆ ಬಂದ ವಾರದೊಳಗೆ ಕತೆ ಧಾರವಾಡ ದಾಟಿ ಹುಬ್ಬಳ್ಳಿಗೂ ಮುಟ್ಟಿತ್ತು. "ಹಿರೇಮಠರು ಸೀಟು ಹಿಡದ್ರು, ರೈಲು ಚೀಲಾ ಹಿಡೀತು" ಎಂಬುದು ಬಳಗದಲ್ಲಿ ಗಾದೆಯಂತಾಯಿತು. ಜನ ಕೆಟ್ಟ ಮನಸ್ಸಿನಿಂದ ಅನ್ನಲಿಲ್ಲ, ನಗುವುದಕ್ಕೆಂದು ಅಂದರು. ಒಂದು ಸಂಜೆ ಉದ್ಯಾನದಲ್ಲಿ ಎಲ್ಲರೂ ಇದ್ದಾಗ ರಾಯರೇ ನೇರವಾಗಿ ಕೇಳಿದರು: "ಅಲ್ರಿ, ಆ ಹುಡುಗಿ ಬಡಕೊಂಡು ಹೇಳಿದ್ಲು, ಎರಡನೇದ್ದು ಬ್ಯಾರೆ ಇಡ್ರಿ ಅಂತ. ನೀವು ಬರಕೊಂಡೂ ಇದ್ರಿ. ಹಂಗಾರ ಯಾಕ ಒಂದ ಕಡೆ ಇಟ್ರಿ?"

ನಾನು ಅವರಿಂದ ಒಂದು ಮೊಳ ದೂರದಲ್ಲಿ ಕುಳಿತಿದ್ದೆ. ಹೇಳಬೇಕಾದ ಮಾತು ಬಹಳ ಚಿಕ್ಕದು: ಅವರು ತಂದು ಕೊಟ್ಟಿದ್ದರು, ನಾನು ಬೇಡವೆಂದೆ. ಮಹಾಂತಯ್ಯನವರು ಮತ್ತೊಮ್ಮೆ ನನ್ನ ಕಡೆ ನೋಡಿ, "ನಂದ ತಪ್ಪು," ಎಂದರು. ಮಾತು ಬೇರೆ ಕಡೆಗೆ ಹೊರಳಿತು.

ಕಳೆದುಹೋದ ನೋಟುಗಳಲ್ಲಿ ನಮ್ಮ ನಮ್ಮ ಪಾಲು ಎಷ್ಟೋ ಅಷ್ಟನ್ನು ಅವರು ಮನೆಮನೆಗೆ ತಂದು ಕೊಟ್ಟರು. ರಾಯರು ಬೇಡವೆಂದು ಜಗಳವಾಡಿ ಕೊನೆಗೆ ತೆಗೆದುಕೊಂಡರು. ನಾನೂ ಬೇಡವೆಂದೆ, ನಾನೂ ತೆಗೆದುಕೊಂಡೆ.

ಆಮೇಲೆ ಅವರು ಬಳಗದ ಹಣವನ್ನು ಬ್ಯಾಂಕಿನಿಂದ ನಿವೃತ್ತರಾದ ಶಶಿಕುಮಾರರಿಗೆ ಒಪ್ಪಿಸಿದರು. ಒಂದು ದಿನ ಮುರಿಗೆವ್ವ ರಾಜೇಶ್ವರಿಯ ಮುಂದೆ ಹೇಳಿದಳಂತೆ: "ಊಟಕ್ಕ ಕುಂತಾವ್ರು ನಡುವ ಎದ್ದು ಹೋಗಿ ಮಂದಿ ಕೀಲಿಕೈ ಅದಾವಿಲ್ಲ ನೋಡಿ ಬರ್ತಾರ್ರಿ ಅಕ್ಕಾರ. ಹಿಂಗ ಎಷ್ಟ ದಿನಾ?" ಬಹಳ ದಿನ ಆಗಲಿಲ್ಲ. ಅವರು ಓಣಿಯ ಕೀಲಿಕೈಗಳನ್ನೆಲ್ಲ ಅವರವರಿಗೆ ಮರಳಿಸಿದರು. ಯಾರಾದರೂ ಏನನ್ನಾದರೂ ಹಿಡಿಯಲು ಕೊಟ್ಟರೆ ನಕ್ಕು, "ಈಗ ನನಗ ನೆನಪಿರಂಗಿಲ್ರಿ," ಎನ್ನತೊಡಗಿದರು. ಅವರ ನೆನಪಿಗೆ ಏನೂ ಆಗಿರಲಿಲ್ಲ.

ಒಂದೂವರೆ ವರ್ಷ ಹೀಗೆಯೇ ಹೋಯಿತು. ಕಳೆದ ಶ್ರಾವಣದಲ್ಲಿ ಒಂದು ದಿನ ನಾನು ಅವರ ಮನೆಗೆ ಹೋದೆ. ಇಬ್ಬರೇ ಇದ್ದೆವು. ಹೇಳಲು ಎಷ್ಟು ಹೊತ್ತು ಬೇಕಾಯಿತೆಂಬುದು ಬೇಡ, ಹೇಳಿದೆ. ಆ ಸಂಜೆ ಲಕೋಟೆಯನ್ನು ತಿರುಗಿಸಿ ಕಳಿಸಿದವನು ನಾನು, ಎರಡು ಸಲ ಬಾಯಿ ತೆರೆಯದವನೂ ನಾನು.

ಅವರು ಸಿಟ್ಟಾಗಲಿಲ್ಲ. "ಅದು ನನಗ ಗೊತ್ತೈತಲ್ರಿ ಸರ," ಎಂದರು. "ಗೊತ್ತಿಲ್ಲದವ್ರಿಗೆ ಹೇಳಬೇಕಿತ್ತು."

ಮರುದಿನವೇ ಬಳಗದಲ್ಲಿ ಎದ್ದುನಿಂತು ಎಲ್ಲವನ್ನೂ ಹೇಳಿದೆ. ಯಾರೂ ನಗಲಿಲ್ಲ. ರಾಯರು ಕನ್ನಡಕ ತೆಗೆದು ಒರೆಸಿಕೊಂಡರು. "ನಾ ಒಂದೂವರೆ ವರ್ಷ ಆ ಮನಷ್ಯಾನ್ನ ಕಾಡೀನಲ್ಲರಿ ಮಾಸ್ತರ," ಎಂದರು. "ನೀವು ಇಲ್ಲೇ ಕೂತಿದ್ರಿ."

ಈ ಚಳಿಗಾಲಕ್ಕೆ ಬಳಗದವರು ಶ್ರೀಲಂಕಾಕ್ಕೆ ಹೊರಟಿದ್ದಾರೆ. ಹಣವನ್ನು ಮಹಾಂತಯ್ಯನವರೇ ಹಿಡಿಯಬೇಕು, ಅವರೂ ಬರಬೇಕು ಎಂದು ಕೇಳಿಕೊಳ್ಳಲು ಕಳೆದ ಭಾನುವಾರ ನಾನು, ರಾಯರು, ಶಶಿಕುಮಾರರು ಮೂವರೂ ಅವರ ಮನೆಗೆ ಹೋದೆವು. ಮುರಿಗೆವ್ವ ಚಹಾ ಕೊಟ್ಟಳು. ರಾಯರು ತಪ್ಪಾಯಿತೆಂದರು, ಅವರ ಬಾಯಲ್ಲಿ ಆ ಮಾತನ್ನು ನಾನು ಮೊದಲ ಸಲ ಕೇಳಿದೆ.

"ನೀವು ಬಂದ್ರಿ, ಭಾಳ ಸಂತೋಷ ಆತು," ಎಂದರು ಮಹಾಂತಯ್ಯನವರು. "ಆದ್ರ ನನಗ ಆಗಂಗಿಲ್ರಿ. ಕೈ ಅಂಜತಾವು."

ಎಷ್ಟು ಹೇಳಿದರೂ ಒಪ್ಪಲಿಲ್ಲ. ಕಳಿಸಿಕೊಡಲು ಬಾಗಿಲ ತನಕ ಬಂದವರು ಶಶಿಕುಮಾರರನ್ನು ತಡೆದು ನಿಲ್ಲಿಸಿ, ಮೊದಲಿನಂತೆಯೇ ಸಾವಕಾಶವಾಗಿ ಒಂದೊಂದೇ ಹೇಳಿದರು: ನೋಟು ಅರ್ಧ ಅರ್ಧ ಇಡ್ರಿ, ಸಹಾಯದ ನಂಬರ್ ಎಲ್ಲಾ ಮನ್ಯಾವ್ರ ಹತ್ರ ಇರಲಿ, ಕೊಳ್ಳಾಗಿನ ಚೀಲಾ ಯಾವ ಕಾರಣಕ್ಕೂ ತಗೀಬ್ಯಾಡ್ರಿ.

"ಮತ್ತ ಎರಡನೇ ಕಾರ್ಡನ್ನ ಬ್ಯಾರೆಯವರಿಗೆ ಕೊಡ್ರಿ," ಎಂದರು. "ಒಲ್ಲೆ ಅಂತಾರ. ನಿಮ್ಮ ಮ್ಯಾಲೆ ನಂಬಿಕಿ ಐತಿ ಅಂತಾರ. ಕೇಳಬ್ಯಾಡ್ರಿ. ಅವರ ಜೇಬಿನ್ಯಾಗ ತುರುಕಿ ಬರ್ರಿ."

ಇದನ್ನು ಹೇಳುವಾಗ ಅವರು ನನ್ನ ಕಡೆ ನೋಡಲಿಲ್ಲ.